ಹೊರಗೆ ಕನ್ನಡದ ಬೋರ್ಡು, ಒಳಗೆ ನೂಲಿಗೆ ಯಾವ ಭಾಷೆ?

ಭಾಲ್ಕಿ ಹಿರೇಮಠದ ಕಥೆ ಬೀದರ ಜಿಲ್ಲೆಯ ಪ್ರತಿಯೊಬ್ಬ ಕನ್ನಡಿಗನಿಗೂ ಗೊತ್ತಿರಬೇಕು. ಅದು ನಿಜಾಮನ ಆಳ್ವಿಕೆಯ ಕಾಲ. ಶಾಲೆ, ಕಚೇರಿ, ಕೋರ್ಟು ಎಲ್ಲವೂ ಉರ್ದು. ಕನ್ನಡ ಶಾಲೆ ಎಂದರೆ ಸರ್ಕಾರದ ಕಣ್ಣು ಕೆಂಪಾಗುತ್ತಿತ್ತು. ಆಗ ಡಾ. ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗುಹಾಕಿ, ಒಳಗೆ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸಿದರು. ಬೋರ್ಡು ನಿಜಾಮನಿಗೆ, ಪಾಠ ಕನ್ನಡಕ್ಕೆ!

ಇಂದು ಅದೇ ಜಿಲ್ಲೆಯ ಪೇಟೆಗಳಲ್ಲಿ ಏನಾಗಿದೆ ನೋಡಿ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ಕ್ಕೆ ಬೀದರ ಕನ್ನಡ ನಾಡಿನ ತೆಕ್ಕೆಗೆ ಬಂತು. 2023ರ ಡಿಸೆಂಬರ್ 27ರಂದು ಬೆಂಗಳೂರಿನಲ್ಲಿ ಕನ್ನಡ ಬೋರ್ಡಿಗಾಗಿ ಹೋರಾಟ ನಡೆಯಿತು, ಕಾರ್ಯಕರ್ತರು ಜೈಲಿಗೂ ಹೋದರು. 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು, ನಾಮಫಲಕದ ಶೇ. 60 ಭಾಗ, ಅದೂ ಮೇಲಿನ ಅರ್ಧದಲ್ಲಿ, ಕನ್ನಡವೇ ಇರಬೇಕೆಂದಾಯಿತು. ಒಳ್ಳೆಯದೇ ಆಯಿತು. ಆದರೆ ಬೋರ್ಡಿನ ಕೆಳಗೆ ತಲೆ ಬಗ್ಗಿಸಿ ಅಂಗಡಿಯ ಒಳಗೆ ಹೋದರೆ ಕಾಣುವುದೇನು? ಅಂದು ಹೊರಗೆ ಉರ್ದು, ಒಳಗೆ ಕನ್ನಡ. ಇಂದು ಹೊರಗೆ ಕನ್ನಡ, ಒಳಗೆ ಕನ್ನಡವಿಲ್ಲ!

ಈ ಮಾತನ್ನು ಎಲ್ಲ ಅಂಗಡಿಗಳಿಗೂ ಹೇಳಬಹುದು. ಆದರೆ ನಾವಿಲ್ಲಿ ಹೇಳಹೊರಟಿರುವುದು ಒಂದೇ ಬಗೆಯ ಅಂಗಡಿಯ ಬಗ್ಗೆ. ಅದು ಅರಿವೆ ಮತ್ತು ನೂಲಿನ ಅಂಗಡಿ. ಯಾಕೆಂದರೆ ಅದು ಬರೀ ಅಂಗಡಿಯಲ್ಲ, ಶಾಲೆಯೂ ಹೌದು.

ಮುಂದೆ ಗಲ್ಲಾ, ಹಿಂದೆ ಪಾಠಶಾಲೆ

ಬೇಮಳಖೇಡ ಇಂದು ಚಿಟಗುಪ್ಪ ತಾಲ್ಲೂಕಿನ ಊರು, ಹಿಂದೆ ಹುಮನಾಬಾದ ತಾಲ್ಲೂಕಿನಲ್ಲಿತ್ತು. ತೆಲಂಗಾಣದ ಗಡಿ ಹತ್ತಿರ, ಜಹೀರಾಬಾದಿನ ಸಂತೆ ಹತ್ತಿರ, ಬೆಂಗಳೂರು ಮಾತ್ರ ಬಲು ದೂರ. ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿ ಜಹೀರಾಬಾದ, ಹುಮನಾಬಾದ, ಬಸವಕಲ್ಯಾಣದ ಮಗ್ಗುಲಲ್ಲೇ ಸಾಗುತ್ತದೆ. ಈ ಸೀಮೆಯ ಪೇಟೆಗೆ ಅರಿವೆ ಬರುವುದೂ ಇದೇ ದಾರಿಯಲ್ಲಿ. ಸೊಲ್ಲಾಪುರದ ಚಾದರ, ಟವೆಲ್ಲು ಒಂದು ಕಡೆಯಿಂದ, ಹೈದರಾಬಾದಿನ ಸಗಟು ಮಾಲು ಇನ್ನೊಂದು ಕಡೆಯಿಂದ.

ಇಂಥ ಪೇಟೆಯ ಅರಿವೆ ಅಂಗಡಿಯನ್ನು ನಡೆಸುವುದು ಕಂಪನಿಯಲ್ಲ, ಕುಟುಂಬ. ಅಪ್ಪ ಗಲ್ಲಾದ ಮೇಲೆ, ಮಗ ಥಾನು ಬಿಚ್ಚಿ ಹಾಸುವುದಕ್ಕೆ, ಸೊಸೆ ದಾರ, ಗುಂಡಿ, ಲೇಸು, ಉಲ್ಲನ್ ಇರುವ ಕಪಾಟಿನ ಹತ್ತಿರ. "ಬರ್ರಿ ಅಕ್ಕಾ, ಏನ್ ಕೊಡ್ಲಿ?" ಎಂಬ ಮಾತಿನಿಂದಲೇ ವ್ಯಾಪಾರ ಶುರು. ಉಲ್ಲನ್ ಕೊಂಡವಳು "ಇದರಾಗ ಕುಲಾಯಿ ಹ್ಯಾಂಗ ಹೆಣೀಬೇಕ್ರಿ?" ಎಂದು ಕೇಳುತ್ತಾಳೆ. ಸೊಸೆ ಕಡ್ಡಿ ಹಿಡಿದು ನಾಲ್ಕು ಸಾಲು ಹೆಣೆದು ತೋರಿಸುತ್ತಾಳೆ. ಮರುವಾರ ಆ ಹೆಂಗಸು ಇನ್ನಿಬ್ಬರನ್ನು ಕರೆತರುತ್ತಾಳೆ. ಹೀಗೆ ಅಂಗಡಿಯ ಹಿಂದಿನ ಕೋಣೆ ಕ್ಲಾಸಾಗುತ್ತದೆ. ಹೊಲಿಗೆ, ಕ್ರೋಶಾ, ಕಸೂತಿ, ಹೆಣಿಗೆ ಎಲ್ಲವೂ ಅಲ್ಲಿ ಕಲಿಕೆಯ ವಿಷಯ. ದೊಡ್ಡ ಊರುಗಳಲ್ಲಿ ಇದಕ್ಕೆ ವರ್ಕ್‌ಶಾಪ್ ಎಂಬ ದೊಡ್ಡ ಹೆಸರು, ದೊಡ್ಡ ಫೀಸು. ನಮ್ಮಲ್ಲಿ ಅದು ಸಂಜೆಯ ಹೊಲಿಗೆ ಕ್ಲಾಸು.

ಅಲ್ಲಿಗೆ ಬರುವವರು ಯಾರು? ಏಳನೆಯದಕ್ಕೋ ಹತ್ತನೆಯದಕ್ಕೋ ಶಾಲೆ ಬಿಟ್ಟ ಹೆಣ್ಣುಮಕ್ಕಳು, ಗಂಡನ ದುಡಿಮೆ ಸಾಲದ ಮನೆಯ ತಾಯಂದಿರು, ತಾಂಡಾಗಳಿಂದ ಬರುವ ಲಂಬಾಣಿ ಅಕ್ಕಂದಿರು. ಇವರಿಗೆ ಕಾಲೇಜಿಲ್ಲ, ಐಟಿಐ ದೂರ. ಕೈಗೆ ಒಂದು ಕಸುಬು ಹತ್ತಬೇಕಾದರೆ ಈ ಅಂಗಡಿಯೇ ಗತಿ. ಹಾಗಾದರೆ ಈ ಶಾಲೆಯ ಭಾಷೆ ಯಾವುದು ಎಂದು ಕೇಳುವವರು ಯಾರು? ಇಂಗ್ಲಿಷ್ ಕಾನ್ವೆಂಟಿನ ಮುಂದೆ ಧರಣಿ ಕೂರುವ ನಾವು ಈ ಶಾಲೆಯನ್ನು ಶಾಲೆ ಎಂದೇ ಎಣಿಸಿಲ್ಲ!

ಕಲ್ಯಾಣಕ್ಕೆ ಇದು ಹೊಸತೇ?

ಅಲ್ಲವೇ ಅಲ್ಲ. ಈ ನೆಲದಲ್ಲಿ ಕನ್ನಡ ಬೆಳೆದದ್ದೇ ಕಸುಬಿನ ಜೊತೆಗೆ. ಬಸವಣ್ಣನವರಿಗಿಂತ ಮೊದಲೇ ವಚನ ಹೇಳಿದ ಜೇಡರ ದಾಸಿಮಯ್ಯ ನೇಕಾರ. ಇಂದಿನ ಯಾದಗಿರಿ ಜಿಲ್ಲೆಯ ಮುದನೂರಿನವನು. ಕದಿರ ರೆಮ್ಮವ್ವೆ, ಕದಿರ ಕಾಯಕದ ಕಾಳವ್ವೆ ಎಂಬ ಶರಣೆಯರ ಹೆಸರಿನಲ್ಲೇ ಕದಿರಿದೆ. ನೂಲುವುದೇ ಅವರ ಕಾಯಕ. ಅಮುಗೆ ದೇವಯ್ಯನೂ ನೇಯುವವನೇ. ಸಂಸ್ಕೃತ ಪಂಡಿತರ ಸಭೆಯಲ್ಲಿ ಇವರಿಗೆ ಮಣೆ ಇರಲಿಲ್ಲ. ರಾಟೆಯ ಮಾತು, ಮಗ್ಗದ ಮಾತು, ಕದಿರಿನ ಮಾತು ಕನ್ನಡದಲ್ಲಿ ಅನುಭಾವದ ಮಾತಾಯಿತು. ಕೂಲಿಯ ಕೈಗೂ ಆಡುವ ಬಾಯಿಗೂ ಒಂದೇ ಭಾಷೆ ಇದ್ದುದರಿಂದಲೇ ಅದು ಸಾಧ್ಯವಾಯಿತು.

2024ರಲ್ಲಿ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಬಸವಕಲ್ಯಾಣದ ನೂತನ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲೇ ಅಡಿಗಲ್ಲು ಬಿತ್ತು. ನೂರಾರು ಕೋಟಿ ರೂಪಾಯಿಯ ಕೆಲಸ. ಆಗಲಿ, ಸಂತೋಷ. ಆದರೆ ರೆಮ್ಮವ್ವೆಯ ರಾಟೆಗೆ ಆ ಮಂಟಪದಲ್ಲಿ ಒಂದು ಮೂಲೆ ಉಂಟೋ? ಕಲ್ಲಿನ ಕಂಬಕ್ಕಿಂತ ಮೊದಲು ಕಾಯಕ ಕಲಿಸುವ ಒಂದು ಕೋಣೆ ಬೇಕಲ್ಲವೇ?

ಹಾಸು ಯಾವುದು, ಹೊಕ್ಕು ಯಾವುದು?

ನಮ್ಮ ಭಾಷಣಕಾರರು ದಿನಕ್ಕೆ ಹತ್ತು ಸಲ ಹೇಳುತ್ತಾರೆ, "ಕನ್ನಡ ನಮ್ಮ ಬದುಕಿನಲ್ಲಿ ಹಾಸುಹೊಕ್ಕಾಗಿದೆ" ಎಂದು. ಹಾಸು ಎಂದರೇನು, ಹೊಕ್ಕು ಎಂದರೇನು ಎಂದು ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆ ಹಾಸು. ಲಾಳಿಯ ಜೊತೆ ಅಡ್ಡಕ್ಕೆ ಹೊಕ್ಕು ಬರುವ ಎಳೆ ಹೊಕ್ಕು. ಎರಡೂ ಕೂಡಿದರೆ ಬಟ್ಟೆ. "ಎಳೆ ಎಳೆಯಾಗಿ ಬಿಡಿಸಿ ಹೇಳು" ಎನ್ನುತ್ತೇವೆ, "ಸಿಕ್ಕು ಬಿಡಿಸು" ಎನ್ನುತ್ತೇವೆ, "ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಎನ್ನುತ್ತೇವೆ. ಇವೆಲ್ಲ ನೂಲಿನ ಮನೆಯಿಂದ ಬಂದ ಮಾತುಗಳು. ಮಗ್ಗ ನಿಂತರೆ ಮಾತು ಎಷ್ಟು ದಿನ ನಿಂತೀತು?

ಕಸೂತಿಯನ್ನೇ ನೋಡಿ. ಧಾರವಾಡ ಸೀಮೆಯ ಈ ಕಲೆಯಲ್ಲಿ ಹೊಲಿಗೆ ನಾಲ್ಕು ಬಗೆ: ಗವಂತಿ, ಮುರಗಿ, ನೇಗಿ, ಮೆಂತೆ. ಗವಂತಿಯ ಗೆರೆ ಬಟ್ಟೆಯ ಎರಡೂ ಮೈಗೆ ಒಂದೇ ಸಮ ಕಾಣುತ್ತದೆ. ಮುರಗಿ ಮೆಟ್ಟಿಲಿನಂತೆ ಮುರಿದು ಮುರಿದು ಸಾಗುತ್ತದೆ. ನೇಗಿ ನೇಯ್ದಂತೆ ಕಾಣುತ್ತದೆ. ಮೆಂತೆಯ ಕಾಳಿನ ಹಾಗೆ ಅಡ್ಡಡ್ಡ ಕೂರುವುದು ಮೆಂತೆ. ಗೋಪುರ, ತೇರು, ತುಳಸಿಕಟ್ಟೆ, ಆನೆ ಅಂಬಾರಿ, ನವಿಲು ಎಲ್ಲವನ್ನೂ ಹೆಣ್ಣುಮಕ್ಕಳು ಎಳೆ ಎಣಿಸಿಯೇ ಹೊಲಿಯುತ್ತಾರೆ, ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ. ಹೊಲಿಗೆಯ ಹೆಸರಿನಲ್ಲೇ ಪಾಠವಿದೆ. ಈ ಹೆಸರು ಹೋಗಿ "ಡಬಲ್ ರನ್ನಿಂಗ್", "ಕ್ರಾಸ್ ಸ್ಟಿಚ್" ಬಂದರೆ ಹೊಲಿಗೆ ಉಳಿಯಬಹುದು, ಹೇಳಿಕೊಡುವ ಅಜ್ಜಿ ಮಾತ್ರ ದಡ್ಡಿಯಾಗುತ್ತಾಳೆ. ತನ್ನ ವಿದ್ಯೆಯಲ್ಲೇ ತಾನು ಅನಕ್ಷರಸ್ಥೆ!

ಮೀಟರ್, ಲೈನಿಂಗ್, ಬ್ಲೌಸ್, ಲೇಸ್ ಇವನ್ನೆಲ್ಲ ಅಟ್ಟಿಬಿಡಿ ಎಂದು ನಾವು ಹೇಳುತ್ತಿಲ್ಲ. ಅವು ನಮ್ಮ ಬಾಯಲ್ಲಿ ಪಳಗಿ ಕನ್ನಡವೇ ಆಗಿವೆ. ಇರುವ ಮಾತನ್ನು ಕೊಂದು ಬಾರದ ಮಾತನ್ನು ಹೇರಬೇಡಿ ಎಂಬುದಷ್ಟೇ ನಮ್ಮ ಮಾತು.

ಲೇಬಲ್ ಓದಲಾರದ ಕೈಗಳು

ಇದು ಬರೀ ಭಾವನೆಯ ಪ್ರಶ್ನೆಯಲ್ಲ, ಹೊಟ್ಟೆಯ ಪ್ರಶ್ನೆ. ಒಂದು ಉಲ್ಲನ್ ಉಂಡೆಯ ಸುತ್ತ ಕಾಗದದ ಪಟ್ಟಿ ಇರುತ್ತದೆ. ಉಣ್ಣೆಯೋ ಅಕ್ರಿಲಿಕ್ಕೋ, ತೂಕವೆಷ್ಟು, ಯಾವ ಅಳತೆಯ ಕಡ್ಡಿ, ಬಣ್ಣದ ನಂಬರು, ಲಾಟ್ ನಂಬರು, ಹೇಗೆ ಒಗೆಯಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಒಂದೇ ಬಣ್ಣದ ಉಂಡೆಗಳಾದರೂ ಬೇರೆ ಬೇರೆ ಲಾಟಿನಲ್ಲಿ ಬಣ್ಣ ಹಾಕಿದ್ದರೆ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದೆ. ಅಂಗಡಿಯಲ್ಲಿ ಅದು ಕಾಣುವುದಿಲ್ಲ, ಹೆಣೆದ ಮೇಲೆ ಎದೆಯ ಮೇಲೆ ಪಟ್ಟೆಯಾಗಿ ಕಾಣುತ್ತದೆ. ಹೆಣೆದವಳ ಹದಿನೈದು ದಿನದ ದುಡಿಮೆ ನೀರಿಗೆ. ಅಕ್ರಿಲಿಕ್ ಎಂದು ತಿಳಿಯದೆ ಬಿಸಿ ಇಸ್ತ್ರಿ ಒತ್ತಿದರೆ ಮುದುಡಿ ಹೋಗುತ್ತದೆ. ಗಿರಾಕಿ ಬೈಯುವುದು ಕಂಪನಿಯನ್ನಲ್ಲ, ಹೆಣೆದವಳನ್ನು.

ಹತ್ತಿ ನೂಲಿನ ನಂಬರಿನ ಕಥೆಯೂ ಇದೇ. ಒಂದು ಪೌಂಡ್ ತೂಕದಲ್ಲಿ 840 ಗಜ ಉದ್ದದ ಎಷ್ಟು ಲಡಿ ಬರುತ್ತವೋ ಅದೇ ಆ ನೂಲಿನ ನಂಬರು. ನಂಬರು ಏರಿದಷ್ಟೂ ಎಳೆ ಸಣ್ಣ. ಇಷ್ಟನ್ನು ಕನ್ನಡದಲ್ಲಿ ಹೇಳಿಕೊಟ್ಟರೆ ಐದನೆಯ ಇಯತ್ತೆಯ ಹುಡುಗಿಗೂ ತಿಳಿಯುತ್ತದೆ. ಹೇಳಿಕೊಡದಿದ್ದರೆ ಪದವಿ ಪಡೆದವಳೂ ಮೋಸಹೋಗುತ್ತಾಳೆ.

ಆ ಲೇಬಲಿನಲ್ಲಿ ಕನ್ನಡ ಯಾಕಿಲ್ಲ? ಕಾನೂನೇ ಹಾಗಿದೆ! ಕೇಂದ್ರ ಸರ್ಕಾರದ 2011ರ ಲೀಗಲ್ ಮೆಟ್ರಾಲಜಿ ಪೊಟ್ಟಣ ಸರಕು ನಿಯಮಗಳ ಪ್ರಕಾರ ಪೊಟ್ಟಣದ ಮೇಲಿನ ವಿವರ ದೇವನಾಗರಿ ಲಿಪಿಯ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು. ಬೇರೆ ಭಾಷೆಯನ್ನೂ ಜೊತೆಗೆ ಹಾಕಲು ಅಡ್ಡಿಯಿಲ್ಲ ಎಂಬುದಷ್ಟೇ ನಮಗೆ ಸಿಕ್ಕ ಭಿಕ್ಷೆ. ಅಡ್ಡಿಯಿಲ್ಲ ಎಂದರೆ ಹಾಕಲೇಬೇಕು ಎಂದಲ್ಲ. ಯಾವ ಕಂಪನಿ ಪುಕ್ಕಟೆಯಾಗಿ ಹಾಕೀತು? ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ, ಇಲ್ಲಿ ತಯಾರಾದ ಸರಕುಗಳ ಮೇಲೆ ಹೆಸರು ಮತ್ತು ಬಳಕೆಯ ವಿವರ ಕನ್ನಡದಲ್ಲೂ ಇರಬೇಕೆಂದು ಹೇಳಿತು. ಸ್ವಾಗತ. ಆದರೆ ಉಲ್ಲನ್ ಬರುವುದು ಲೂಧಿಯಾನದಿಂದ, ನೂಲು ಬರುವುದು ಹೊರರಾಜ್ಯದ ಗಿರಣಿಗಳಿಂದ. ಆ ಆದೇಶ ಅವರ ಬಾಗಿಲಿಗೆ ತಲುಪುವುದಿಲ್ಲ. ಇಲ್ಲಿ ಮಾರುವವನು ಇಲ್ಲಿಯ ಭಾಷೆಯಲ್ಲಿ ಹೇಳಬೇಕು ಎಂಬ ಕಾನೂನು ಬರಬೇಕು. ಅದನ್ನು ದೆಹಲಿಯಲ್ಲಿ ಕೇಳಬೇಕಾದವರು ನಮ್ಮ 28 ಲೋಕಸಭಾ ಸದಸ್ಯರು. ಎಷ್ಟು ಜನ ಬಾಯಿಬಿಟ್ಟಿದ್ದಾರೆ?

"ವ್ಯಾಪಾರಕ್ಕೆ ಯಾವ ಭಾಷೆಯಾದರೇನು?"

ಹೀಗೆನ್ನುವವರಿದ್ದಾರೆ. ಗಡಿ ಪೇಟೆಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಎಲ್ಲವೂ ಓಡಾಡುತ್ತವೆ, ಅಂಗಡಿಯವನು ಬದುಕಬೇಡವೇ ಎಂದು ಕೇಳುತ್ತಾರೆ. ಬದುಕಲಿ, ಚೆನ್ನಾಗಿಯೇ ಬದುಕಲಿ. ಉರ್ದು ಮಾತಾಡುವ ದರ್ಜಿ ಅಣ್ಣನ ಮೇಲೆ, ಮರಾಠಿ ಮನೆಯ ಅಂಗಡಿಯವನ ಮೇಲೆ ನಮಗೆ ಜಗಳವಿಲ್ಲ. ನಾಲ್ಕು ಭಾಷೆ ಬಲ್ಲ ಬೀದರದವನು ಒಂದೇ ಭಾಷೆ ಬಲ್ಲ ದೆಹಲಿಯವನಿಗಿಂತ ದೊಡ್ಡವನು. ಮನೆಯ ಮಾತು ಯಾವುದಾದರೂ ಇರಲಿ, ಗಲ್ಲಾದ ಮಾತು, ಪಾಠದ ಮಾತು ಕನ್ನಡವಿರಲಿ. ಕನ್ನಡ ಇಲ್ಲಿ ಎಲ್ಲರನ್ನೂ ಕೂಡಿಸುವ ಹಾಸು. ಮಿಕ್ಕವು ಬಣ್ಣಬಣ್ಣದ ಹೊಕ್ಕು.

ಇನ್ನು ವ್ಯಾಪಾರದ ಬುದ್ಧಿಯನ್ನೇ ಕೇಳುವುದಾದರೆ ಜರ್ಮನಿಯ ಕಡೆ ನೋಡಿ. ಎನೆ ಬುರ್ದಾ ಎಂಬ ಹೆಂಗಸು 1950ರಲ್ಲಿ ಒಂದು ಹೊಲಿಗೆ ಪತ್ರಿಕೆ ಶುರುಮಾಡಿದಳು. ಅಂಗಿಯ ಅಳತೆಯ ಕಾಗದವನ್ನು ಪತ್ರಿಕೆಯ ಜೊತೆಗೇ ಕೊಟ್ಟಳು. 1987ರಲ್ಲಿ ಅದು ಸೋವಿಯತ್ ರಷ್ಯಕ್ಕೆ ಕಾಲಿಟ್ಟಿತು. ಯಾವ ಭಾಷೆಯಲ್ಲಿ? ಜರ್ಮನ್ನಿನಲ್ಲಲ್ಲ, ಇಂಗ್ಲಿಷಿನಲ್ಲಲ್ಲ, ರಷ್ಯನ್ ಭಾಷೆಯಲ್ಲಿ! ರಷ್ಯದ ಹೆಂಗಸು ಹೊಲಿಯಬೇಕಾದರೆ ರಷ್ಯನ್ನಿನಲ್ಲೇ ಹೇಳಬೇಕು ಎಂದು ಆ ಜರ್ಮನ್ ವ್ಯಾಪಾರಿಗೆ ತಿಳಿಯಿತು. ನಮ್ಮ ಕಂಪನಿಗಳಿಗೆ ಯಾಕೆ ತಿಳಿಯುವುದಿಲ್ಲ? ನಾವು ಕೇಳದೇ ಇರುವುದರಿಂದ!

ದಾರಿ ತೋರಿದವರಿದ್ದಾರೆ

ಅಸಾಧ್ಯವೇನಲ್ಲ. ಬೆಂಗಳೂರಿನಲ್ಲಿ ಚಿಮಿ ನಂಜಪ್ಪ ಮತ್ತು ಅವರ ಮಗಳು ಪವಿತ್ರಾ ಮುದ್ದಯ್ಯ 1974ರಲ್ಲಿ ವಿಮೋರ್ ಎಂಬ ಕೈಮಗ್ಗದ ಸೀರೆ ಅಂಗಡಿ ಶುರುಮಾಡಿದರು. ಅದು ತಾಯಿ ಮಗಳ ಅಂಗಡಿ. ಹಳೆಯ ಸೀರೆಗಳನ್ನು ನೋಡಿ ನೇಕಾರರಿಂದ ಮತ್ತೆ ನೇಯಿಸುತ್ತಾ ಬಂದು, ಕೊನೆಗೆ ಬಟ್ಟೆಯ ವಸ್ತುಸಂಗ್ರಹಾಲಯವನ್ನೇ ಕಟ್ಟಿದರು. ಒಂದು ಕುಟುಂಬದ ಅಂಗಡಿ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಇದೇ ಸಾಕ್ಷಿ.

ಸಂಡೂರಿನ ಕುಶಲ ಕಲಾ ಕೇಂದ್ರ ಲಂಬಾಣಿ ಹೆಂಗಸರ ಕಸೂತಿಗೆ ನೆಲೆ ಕೊಟ್ಟಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರ ಕೈಯ 1,755 ಕಸೂತಿ ವಸ್ತುಗಳು ಗಿನ್ನೆಸ್ ದಾಖಲೆ ಸೇರಿದವು. ಬಸವಕಲ್ಯಾಣ, ಹುಮನಾಬಾದ, ಔರಾದದ ತಾಂಡಾಗಳಲ್ಲೂ ಅದೇ ಸೂಜಿ, ಅದೇ ಕನ್ನಡಿ ಚೂರು ಇವೆ. ಸಂಡೂರಿಗೆ ಸಿಕ್ಕದ್ದು ಇವರಿಗೆ ಯಾಕಿಲ್ಲ?

ಸಾಗರದ ಹೆಗ್ಗೋಡಿನ ಬಳಿ ರಂಗಕರ್ಮಿ ಪ್ರಸನ್ನ ಅವರು ಹಳ್ಳಿಯ ಹೆಣ್ಣುಮಕ್ಕಳನ್ನು ಕೂಡಿಸಿ ಚರಕ ಕಟ್ಟಿದರು. ಅಲ್ಲಿ ನೇಯ್ಗೆಯ ಜೊತೆ ಸಹಜ ಬಣ್ಣವೂ ನಡೆಯುತ್ತದೆ, ಕೆಲಸದ ಮಾತೂ ಕನ್ನಡ, ಲೆಕ್ಕದ ಮಾತೂ ಕನ್ನಡ. ಅಂಥ ಚರಕವೂ 2020ರಲ್ಲಿ ಮಾಲು ಮಾರಾಟವಾಗದೆ ಸಂಕಷ್ಟಕ್ಕೆ ಸಿಕ್ಕಿತು. ಅದೇ 2020ರಲ್ಲಿ ಕೇಂದ್ರ ಸರ್ಕಾರ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೂ ರದ್ದುಮಾಡಿತು. ದೇಶದಲ್ಲಿ ಕೈಮಗ್ಗ ನಂಬಿದವರು 35 ಲಕ್ಷ ಜನ ಎಂದು ಸರ್ಕಾರದ 2019-20ರ ಗಣತಿಯೇ ಹೇಳುತ್ತದೆ. ಅವರ ದೂರು ಕೇಳಲು ಇದ್ದ ಒಂದು ಕುರ್ಚಿಯನ್ನೂ ಎತ್ತಿಬಿಟ್ಟರು!

2023ರ ಸೆಪ್ಟೆಂಬರ್ 17ರಂದು, ನಾವು ಕಲ್ಯಾಣ ಕರ್ನಾಟಕ ಉತ್ಸವ ಆಚರಿಸುವ ದಿನವೇ, ಪ್ರಧಾನಿಗಳು ವಿಶ್ವಕರ್ಮ ಯೋಜನೆ ಶುರುಮಾಡಿದರು. 18 ಕಸುಬು, ತರಬೇತಿಗೆ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿ. ದರ್ಜಿಗೆ ಅದರಲ್ಲಿ ಜಾಗವಿದೆ. ನೇಕಾರನಿಗಿಲ್ಲ, ಕಸೂತಿಯವಳಿಗಿಲ್ಲ, ಹಳೆಯ ಸೀರೆ ಜೋಡಿಸಿ ಕೌದಿ ಹೊಲಿಯುವ ನಮ್ಮ ತಾಯಿಗಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕಲಿಸುವ ಸೊಸೆಗಂತೂ ಯಾವ ಪಟ್ಟಿಯಲ್ಲೂ ಹೆಸರಿಲ್ಲ.

ಕಲಬುರಗಿಗೆ ಬರುವ ಪಾರ್ಕಿನಲ್ಲಿ ನಾವು ಯಾರು?

ಕಲಬುರಗಿಯ ಎಂ.ಎಸ್.ಕೆ. ಮಿಲ್ ನಿಜಾಮರ ಕಾಲದ್ದು. ಈ ಸೀಮೆಯ ಹತ್ತಿಗೂ ಕೂಲಿಗೂ ಅದೇ ಆಸರೆಯಾಗಿತ್ತು. ಅದು ಎಂದೋ ಮುಚ್ಚಿ ಇಂದು ಬಡಾವಣೆಯ ಹೆಸರಾಗಿ ಉಳಿದಿದೆ. ಈಗ ಪಿ.ಎಂ. ಮಿತ್ರ ಜವಳಿ ಪಾರ್ಕ್ ಬರುತ್ತದಂತೆ. 2023ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರ ದೇಶದ ಏಳು ಜಾಗಗಳನ್ನು ಹೆಸರಿಸಿದಾಗ ಕಲಬುರಗಿಯೂ ಅದರಲ್ಲಿತ್ತು. ಸಾವಿರ ಎಕರೆ ಜಾಗ, ನೂಲಿನಿಂದ ಸಿದ್ಧ ಉಡುಪಿನವರೆಗೆ ಒಂದೇ ಕಡೆ, ಪ್ರತಿ ಪಾರ್ಕಿನಲ್ಲಿ ಒಂದು ಲಕ್ಷ ಜನಕ್ಕೆ ನೇರ ಕೆಲಸ ಎಂದು ಸರ್ಕಾರದ ಮಾತು.

ಆ ಲಕ್ಷದಲ್ಲಿ ಬೇಮಳಖೇಡದ ಹೆಣ್ಣುಮಗಳು ಎಷ್ಟನೆಯವಳು? ಸರೋಜಿನಿ ಮಹಿಷಿ ವರದಿಯ ಕಾಲದಿಂದ ಕೇಳುತ್ತಲೇ ಇದ್ದೇವೆ. 2024ರ ಜುಲೈಯಲ್ಲಿ ಸ್ಥಳೀಯರಿಗೆ ಕೆಲಸದ ಮಸೂದೆ ತರುತ್ತೇವೆಂದು ಸಚಿವ ಸಂಪುಟ ಒಪ್ಪಿತು, ಉದ್ಯಮಿಗಳು ಹುಬ್ಬು ಗಂಟಿಕ್ಕಿದ ಕೂಡಲೇ ಅದನ್ನು ಕಪಾಟಿಗೆ ಸೇರಿಸಿತು. ನಾಳೆ ಪಾರ್ಕು ತೆರೆದಾಗ ಅವರು ಹೇಳುವುದು ಈಗಲೇ ಗೊತ್ತು: "ಇಲ್ಲಿಯವರಿಗೆ ಕೌಶಲ್ಯವಿಲ್ಲ." ಕೌಶಲ್ಯ ಎಲ್ಲಿಂದ ಬರಬೇಕು? ಆಕಾಶದಿಂದಲೇ? ಅದು ಬರಬೇಕಾದದ್ದು ಹುಮನಾಬಾದ, ಚಿಟಗುಪ್ಪ, ಬಸವಕಲ್ಯಾಣದ ಈ ಚಿಕ್ಕ ಅಂಗಡಿಗಳ ಹಿಂದಿನ ಕೋಣೆಯಿಂದ. ಆ ಕೋಣೆಯಲ್ಲಿ ಇಂದು ಕನ್ನಡದಲ್ಲಿ ಅಳತೆ, ನಂಬರು, ಲೆಕ್ಕ ಕಲಿತವಳು ನಾಳೆ ಪಾರ್ಕಿನಲ್ಲಿ ಮೇಲ್ವಿಚಾರಕಿಯಾದಾಳು. ಬರೀ ಕೈನೋಡಿ ಕಲಿತವಳು ದಾರದ ಚೂರು ಕತ್ತರಿಸುವ ಕೂಲಿಯಾಗಿಯೇ ಉಳಿಯುತ್ತಾಳೆ. ವ್ಯತ್ಯಾಸ ಇಷ್ಟೇ, ಆದರೆ ಇದು ಒಂದು ಜೀವಮಾನದ ವ್ಯತ್ಯಾಸ.

ನಮ್ಮ ಬೇಡಿಕೆ

ಒಂದು: ನೂಲು, ಉಲ್ಲನ್, ಬಟ್ಟೆಯ ಪೊಟ್ಟಣದ ಮೇಲೆ ಮಾರುವ ರಾಜ್ಯದ ಭಾಷೆ ಕಡ್ಡಾಯವಾಗಲಿ. 2011ರ ನಿಯಮ ತಿದ್ದಲಿ.

ಎರಡು: ಅಂಗಡಿಯಲ್ಲಿ ಕಸುಬು ಕಲಿಸುವ ಕುಟುಂಬಗಳನ್ನು ಜಿಲ್ಲಾಡಳಿತ ತರಬೇತಿ ಕೇಂದ್ರಗಳೆಂದು ಗುರುತಿಸಲಿ. ಕಲಿಸಿದವಳಿಗೆ ಗೌರವಧನ, ಕಲಿತವಳಿಗೆ ಕನ್ನಡದಲ್ಲಿ ಪ್ರಮಾಣಪತ್ರ ಸಿಗಲಿ.

ಮೂರು: ಕನ್ನಡ ಪುಸ್ತಕ ಪ್ರಾಧಿಕಾರ ಕವನ ಸಂಕಲನಗಳ ಜೊತೆಗೆ ಹೊಲಿಗೆ, ಹೆಣಿಗೆ, ಕಸೂತಿ, ಕೌದಿಯ ಕೈಪಿಡಿಗಳನ್ನೂ ಚಿತ್ರ ಸಹಿತ, ಕಡಿಮೆ ಬೆಲೆಗೆ ಅಚ್ಚುಹಾಕಲಿ.

ನಾಲ್ಕು: ಕಲಬುರಗಿ ಜವಳಿ ಪಾರ್ಕಿನ ತರಬೇತಿ, ಅರ್ಜಿ, ಸುರಕ್ಷತಾ ಫಲಕ ಎಲ್ಲವೂ ಕನ್ನಡದಲ್ಲಿರಲಿ.

ಐದು: ಬಸವಕಲ್ಯಾಣದ ನೂತನ ಅನುಭವ ಮಂಟಪದಲ್ಲಿ ರಾಟೆ, ಮಗ್ಗ, ಸೂಜಿ ಕಲಿಸುವ ಕಾಯಕ ಶಾಲೆ ಶುರುವಾಗಲಿ.

ಇದು ಸರ್ಕಾರಕ್ಕೆ. ಕನ್ನಡದ ಕಾರ್ಯಕರ್ತರಿಗೂ ಒಂದು ಮಾತಿದೆ. ಮುಂದಿನ ಸಲ ಅರಿವೆ ಅಂಗಡಿಗೆ ಹೋದಾಗ ಬೋರ್ಡು ಅಳೆದು ವಾಪಸು ಬರಬೇಡಿ, ಒಳಗೆ ಹೋಗಿ. ಕಲಿಸುವ ಅಕ್ಕನಿಗೆ ಕನ್ನಡದಲ್ಲಿ ಒಂದು ಪಟ್ಟಿ ಬರೆದುಕೊಡಿ: ನಂಬರು, ಲಾಟು, ಕಡ್ಡಿಯ ಅಳತೆ, ಒಗೆಯುವ ರೀತಿ. ಅದನ್ನು ಕಪಾಟಿನ ಮೇಲೆ ಅಂಟಿಸಿ ಬನ್ನಿ. ಇದಕ್ಕೆ ಪರವಾನಗಿ ಬೇಡ, ಲಾಠಿ ಏಟೂ ಬೀಳುವುದಿಲ್ಲ. ಅಂಗಡಿಯವರೇ, ನಿಮಗೂ ಒಂದು ಮಾತು. ಬಿಲ್ಲು ಕನ್ನಡದಲ್ಲಿ ಬರೆಯಿರಿ, ಪಾಠ ಕನ್ನಡದಲ್ಲಿ ಹೇಳಿ, ಕಲಿಯುವವಳ ನೋಟುಬುಕ್ಕಿನಲ್ಲಿ ಕನ್ನಡ ಬರೆಸಿ. ಆ ನೋಟುಬುಕ್ಕು ಅವಳ ಮಗಳಿಗೂ ಬರುತ್ತದೆ, ಮೊಮ್ಮಗಳಿಗೂ ಬರುತ್ತದೆ. ಅವರು ನೂಲು ಕೊಳ್ಳಲು ನಿಮ್ಮ ಅಂಗಡಿಗೇ ಬರುತ್ತಾರೆ.

ಪಟ್ಟದ್ದೇವರು ಉರ್ದು ಬೋರ್ಡಿನ ಮರೆಯಲ್ಲಿ ಕನ್ನಡವನ್ನು ಉಳಿಸಿಕೊಟ್ಟರು. ಕನ್ನಡದ ಬೋರ್ಡಿನ ನೆರಳಲ್ಲೇ ಅದನ್ನು ಕಳೆದರೆ ನಮ್ಮಂಥ ದಂಡಪಿಂಡಗಳು ಬೇರೆ ಯಾರೂ ಇರಲಾರರು. ಕನ್ನಡಿಗರೇ, ಬೋರ್ಡಿನ ಹೋರಾಟ ಗೆದ್ದೆವು. ಇನ್ನು ಒಳಗಿನ ಹೋರಾಟ ಶುರುವಾಗಲಿ!